ಹಳೆಯ ಕಾರ್ಡುಗಳ ಕುಲಗೋತ್ರ

ಹೋಲಿಸಿ ನೋಡುವುದರಲ್ಲಿ ನಮ್ಮನ್ನು ಮೀರಿಸುವವರು ಯಾರಿದ್ದಾರೆ ಹೇಳಿ? ತಳ್ಳುಗಾಡಿಯ ಬದನೆಕಾಯಿಯಿಂದ ಹಿಡಿದು ನಾದಿನಿಯ ಓಲೆಯವರೆಗೆ, ಎರಡನ್ನು ಪಕ್ಕಪಕ್ಕ ಇಟ್ಟು ನೋಡದೆ ನಾವು ಯಾವುದನ್ನೂ ಒಪ್ಪಿದವರಲ್ಲ. ಆದರೆ ಕಳೆದ ಬೇಸಿಗೆಯಲ್ಲಿ ಎರಡು ತಿಂಗಳ ಕಾಲ ನಾನು ಕೂತು ಓದಿದಂಥ ಹೋಲಿಕೆಗಳನ್ನು ಅದಕ್ಕೆ ಮೊದಲು ಕಂಡಿರಲಿಲ್ಲ. ಅವು ಹಳೆಯ ಗ್ರಾಫಿಕ್ಸ್ ಕಾರ್ಡುಗಳ ಹೋಲಿಕೆಗಳು. ಕಂಪ್ಯೂಟರಿನಲ್ಲಿ ಆಟವಾಡುವವರಿಗಾಗಿ, ಏಳೆಂಟು ವರ್ಷ, ಹತ್ತು ವರ್ಷ ಹಳೆಯದಾದ ಕಾರ್ಡುಗಳಲ್ಲಿ ಯಾವುದು ಎಷ್ಟು ಓಡುತ್ತದೆ ಎಂದು ಅಳೆದು ಬರೆದವು. ಇಂಗ್ಲಿಷಿನಲ್ಲಿ ಇದೊಂದು ಸಾಹಿತ್ಯ ಪ್ರಕಾರವೇ ಆಗಿಬಿಟ್ಟಿದೆ. ಪೀಠಿಕೆ, ಪಾತ್ರ ಪರಿಚಯ, ಯುದ್ಧವರ್ಣನೆ, ಕೊನೆಗೆ ಒಬ್ಬರಿಗೆ ಪಟ್ಟಾಭಿಷೇಕ, ಎಲ್ಲವೂ ಉಂಟು. ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳಿಕೊಂಡು, ಆಗೊಮ್ಮೆ ಈಗೊಮ್ಮೆ ಊರಿನ ಪತ್ರಿಕೆಗೆ ಪುಸ್ತಕ ವಿಮರ್ಶೆ ಬರೆದುಕೊಂಡು ಬಂದ ನನಗೆ, ಇವನ್ನೂ ಒಂದು ಬರವಣಿಗೆಯೆಂದು ಭಾವಿಸಿ ವಿಮರ್ಶಿಸಿದರೆ ಹೇಗೆ ಎನ್ನಿಸಿತು.

ಎನ್ನಿಸಲು ಕಾರಣ ನನ್ನ ಮಗಳು. ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಾಳೆ. ನಮ್ಮ ಮನೆ ಇರುವುದು ತುಮಕೂರಿನ ಸತ್ಯಮಂಗಲದಲ್ಲಿ. ಹೊರಗಿನವರಿಗೆ ಅದು ಕೈಗಾರಿಕಾ ಪ್ರದೇಶದ ಹೆಸರಾಗಿಯೇ ಹೆಚ್ಚು ಪರಿಚಿತ. ಅಕ್ಕಪಕ್ಕದ ಹತ್ತನೇ ಕ್ಲಾಸಿನ ಮಕ್ಕಳಿಗೆ ಗಣಿತ ಹೇಳಿಕೊಟ್ಟು ಅವಳು ಆರು ಸಾವಿರ ರೂಪಾಯಿ ಕೂಡಿಸಿಕೊಂಡಿದ್ದಳು. ಅದರಲ್ಲಿ ಒಂದು ಕಾರ್ಡು ಕೊಳ್ಳಬೇಕೆಂಬುದು ಅವಳ ಆಸೆ. ನಮ್ಮತ್ತೆ, "ಆ ದುಡ್ಡಿಗೆ ಒಂದು ಜೊತೆ ಬೆಳ್ಳಿ ಕಾಲ್ಗೆಜ್ಜೆ ಬರೋದು ಕಣೇ" ಎಂದರು. ನನ್ನ ಯಜಮಾನರು, "ಆಟ ಆಡೋದಕ್ಕೆ ಆರು ಸಾವಿರವಾ?" ಎಂದು ಪತ್ರಿಕೆಯ ಹಿಂದಿನಿಂದಲೇ ಕೇಳಿದರು. ಇದೇ ಯಜಮಾನರು ತಮ್ಮ ಅಣ್ಣನ ಮಗ ಸೆಕೆಂಡ್ ಹ್ಯಾಂಡ್ ಬೈಕು ಕೊಂಡಾಗ ಅದರ ಎಂಜಿನ್ನಿನ ಸದ್ದು ಕೇಳಲು ಬೀದಿಯ ಕೊನೆಯವರೆಗೆ ನಡೆದುಹೋಗಿದ್ದರು ಎಂಬುದನ್ನು ನಾನು ನೆನಪಿಸಲಿಲ್ಲ. ದುಡ್ಡು ಅವಳದು. ಅದು ನೀರಲ್ಲಿ ಹೋದರೆ ಮುಂದಿನ ಹತ್ತು ವರ್ಷ ಈ ಮನೆಯಲ್ಲಿ ಅವಳು ತನಗಾಗಿ ಏನು ಕೊಳ್ಳಹೊರಟರೂ ಆ ಕಾರ್ಡಿನ ಮಾತು ಎದ್ದೇ ಏಳುತ್ತದೆ. ನನಗೆ ಗೊತ್ತಿರುವ ಮನೆಗಳೆಲ್ಲ ಹಾಗೆಯೇ ನಡೆಯುವುದು. ಆದ್ದರಿಂದ ನಾನೂ ಅವಳ ಜೊತೆ ಓದಲು ಕುಳಿತೆ.

ಕಾರ್ಡೆಂದರೇನು ಎಂದು ಕೇಳುವವರಿಗೆ ಒಂದು ಮಾತು. ಮದುವೆಮನೆಯ ಅಡಿಗೆಭಟ್ಟರಿದ್ದಾರಲ್ಲ, ಕಂಪ್ಯೂಟರಿನ ಪ್ರೊಸೆಸರ್ ಅವರ ಹಾಗೆ. ಯಾವುದಾದ ಮೇಲೆ ಯಾವುದು ಎಂದು ನಿರ್ಧರಿಸುವವರು. ಆದರೆ ಸಾವಿರ ಎಲೆಗೆ ಒಂದೇ ಸಮಯದಲ್ಲಿ ಪಲ್ಯ ಬೀಳಬೇಕಾದರೆ ಭಟ್ಟರೊಬ್ಬರಿಂದ ಆಗುತ್ತದೆಯೆ? ಅದಕ್ಕೆ ಬಡಿಸುವವರ ಸಾಲು ಬೇಕು. ಗ್ರಾಫಿಕ್ಸ್ ಕಾರ್ಡು ಆ ಬಡಿಸುವವರ ಸಾಲು. ಇವತ್ತಿನ ಸಾಮಾನ್ಯ ಮಾನಿಟರಿನ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿಗಳಿವೆ. ಗುಣಿಸಿದರೆ ಇಪ್ಪತ್ತು ಲಕ್ಷದ ಮೇಲೆ. ಒಂದೊಂದು ಚುಕ್ಕಿಗೂ ಬಣ್ಣ ಯಾವುದೆಂದು ಲೆಕ್ಕ ಹಾಕಿ ತುಂಬಬೇಕು, ಅದೂ ಸೆಕೆಂಡಿಗೆ ಅರವತ್ತು ಸಲ. ಹನ್ನೆರಡು ಕೋಟಿ ಚುಕ್ಕಿಯ ರಂಗೋಲಿ, ಪ್ರತಿ ಸೆಕೆಂಡೂ! ಹೀಗೆ ಸೆಕೆಂಡಿಗೆ ಎಷ್ಟು ಚಿತ್ರ ಬಿಡಿಸಿತು ಎಂಬುದೇ ಈ ಹೋಲಿಕೆಗಳ ಮುಖ್ಯ ಅಂಕಿ. ಅದನ್ನು ಫ್ರೇಮ್ ಎನ್ನುತ್ತಾರೆ. ನಾವು ಟಾಕೀಸಿನಲ್ಲಿ ಕೂತು ಕಣ್ಣೀರು ಹಾಕಿದ ಸಿನಿಮಾಗಳೆಲ್ಲ ಸೆಕೆಂಡಿಗೆ ಇಪ್ಪತ್ತನಾಲ್ಕೇ ಫ್ರೇಮಿನವು. ಆಟಕ್ಕೆ ಅದು ಸಾಲದು, ಏಕೆಂದರೆ ಸಿನಿಮಾವನ್ನು ನಾವು ನೋಡುತ್ತೇವೆ ಅಷ್ಟೆ; ಆಟದಲ್ಲಿ ಕೈ ಆಡಿಸಿದ ಕೂಡಲೇ ಚಿತ್ರ ಬದಲಾಗಬೇಕು.

ಈ ಕಾರ್ಡುಗಳ ಇತಿಹಾಸ ಅಂಥ ಉದ್ದದ್ದೇನಲ್ಲ. ಅಮೆರಿಕದ 3ಡಿಎಫ್‌ಎಕ್ಸ್ ಎಂಬ ಕಂಪನಿಯ ವೂಡೂ ಕಾರ್ಡು 1996ರಲ್ಲಿ ಬಂತು. ನಾಲ್ಕೇ ವರ್ಷಕ್ಕೆ ಆ ಕಂಪನಿ ತನ್ನ ಆಸ್ತಿಯನ್ನು ಎನ್‌ವಿಡಿಯಾಕ್ಕೆ ಮಾರಿತು. ಎನ್‌ವಿಡಿಯಾ 1999ರಲ್ಲಿ ಜೀಫೋರ್ಸ್ 256 ಎಂಬುದನ್ನು ತಂದಿತ್ತು. ಇನ್ನೊಂದು ಮನೆತನ ಎಟಿಐ. ಅದನ್ನು 2006ರಲ್ಲಿ ಎಎಂಡಿ ಕೊಂಡುಕೊಂಡಿತು. ಹಳೆಯ ಕಾರ್ಡುಗಳ ಪೇಟೆಯಲ್ಲಿ ಈಗ ಇರುವುದು ಹೆಚ್ಚುಕಡಿಮೆ ಈ ಎರಡು ಮನೆತನಗಳ ಸಂತಾನವೇ.

ಇನ್ನು ನನ್ನ ತಕರಾರಿಗೆ ಬರುತ್ತೇನೆ. ಹೋಲಿಕೆಯ ಕೋಷ್ಟಕದಲ್ಲಿ ಒಂದು ಕಾರ್ಡಿಗೆ ಒಂದು ಸಾಲು. ಎಡಕ್ಕೆ ಹೆಸರು, ಬಲಕ್ಕೆ ಅಂಕಿ. ಆ ಹೆಸರೆಂಬುದು ಒಂದೇ ವಸ್ತುವಿನ ಹೆಸರು ಎಂದು ನಾವು ನಂಬಿ ಮುಂದೆ ಓದುತ್ತೇವೆ. ನಂಬಿಕೆ ಮುರಿದುಬೀಳುವುದು ಅಲ್ಲೇ. ನಮ್ಮಂಥವರ ಕೈಗೆಟುಕುವ ಕಾರ್ಡುಗಳಲ್ಲಿ ಎಲ್ಲ ಕಡೆಯೂ ಕಾಣುವ ಜಿಟಿ 730 ಎಂಬುದನ್ನೇ ತೆಗೆದುಕೊಳ್ಳಿ. 2014ರಲ್ಲಿ ಎನ್‌ವಿಡಿಯಾ ಆ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ಕಾರ್ಡುಗಳನ್ನು ಹೊರತಂದಿತು. ಒಂದರಲ್ಲಿ ಹಳೆಯ ಪೀಳಿಗೆಯ 96 ಕೋರ್‌ಗಳು, ಅಂದರೆ ಬಡಿಸುವ ಆಳುಗಳು. ಉಳಿದೆರಡರಲ್ಲಿ ಹೊಸ ಪೀಳಿಗೆಯ 384. ಸರಿ, 384 ಇರುವುದನ್ನೇ ಕೊಳ್ಳೋಣವೆಂದರೆ ಆ ಎರಡರೊಳಗೂ ಭೇದ. ಒಂದರ ಮೆಮೊರಿ ಜಿಡಿಡಿಆರ್5, ಸೆಕೆಂಡಿಗೆ 40 ಜಿಬಿ ಸಾಗಿಸುತ್ತದೆ. ಇನ್ನೊಂದರದು ಡಿಡಿಆರ್3, ಸಾಗಿಸುವುದು 14 ಜಿಬಿ ಚಿಲ್ಲರೆ. ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಇರುವುದು ಮೆಮೊರಿ ಎಷ್ಟು ಎಂಬುದು ಮಾತ್ರ. ಹಂಡೆ ಎಷ್ಟು ದೊಡ್ಡದೆಂದು ಹೇಳಿ ನಲ್ಲಿ ಎಷ್ಟು ಸಣ್ಣದೆಂದು ಬಚ್ಚಿಟ್ಟ ಹಾಗೆ. ನಿಧಾನದ ನಲ್ಲಿಗೆ 4 ಜಿಬಿಯ ಹಂಡೆ ಕೂರಿಸಿದ 730ಗಳೂ ಪೇಟೆಯಲ್ಲಿವೆ. ಅವು 2 ಜಿಬಿಯ ವೇಗದ ಕಾರ್ಡಿಗಿಂತ ದುಬಾರಿಯೆಂದು ಕಂಡು ಅದೇ ಶ್ರೇಷ್ಠವೆಂದುಕೊಳ್ಳುವವರು ಎಷ್ಟು ಮಂದಿಯೋ!

ಇದು ಒಂದು ಸಲದ ಚೇಷ್ಟೆಯೇನಲ್ಲ. 2017ರಲ್ಲಿ ಬಂದ ಜಿಟಿ 1030 ಸೆಕೆಂಡಿಗೆ 48 ಜಿಬಿ ಸಾಗಿಸುತ್ತಿತ್ತು. ಮರುವರ್ಷ ಅದೇ ಹೆಸರಿನಲ್ಲಿ, ಬೇರೆ ಮೆಮೊರಿ ಹಾಕಿ ಬಂದದ್ದು 17 ಜಿಬಿಯನ್ನೂ ಮುಟ್ಟುವುದಿಲ್ಲ. ಜಿಟಿಎಕ್ಸ್ 1060 ಎಂಬುದರ 3 ಜಿಬಿ, 6 ಜಿಬಿ ಎಂಬ ಎರಡು ರೂಪಗಳ ನಡುವೆ ಇರುವ ವ್ಯತ್ಯಾಸ ಮೆಮೊರಿಯದಷ್ಟೇ ಎಂದು ಹೆಸರು ಹೇಳುತ್ತದೆ. ಒಳಗೆ ನೋಡಿದರೆ ಚಿಕ್ಕದರಲ್ಲಿ 1152 ಕೋರ್, ದೊಡ್ಡದರಲ್ಲಿ 1280. ಎಎಂಡಿಯವರೂ ಮಡಿವಂತರೇನಲ್ಲ. ಅವರ ಆರ್‌ಎಕ್ಸ್ 580 ಕಾರ್ಡಿನಲ್ಲಿ 2304 ಕೋರ್‌ಗಳಿರಬೇಕು. 2018ರಲ್ಲಿ ಚೀನಾದ ಪೇಟೆಗೆಂದು 2048 ಕೋರ್‌ಗಳ ಇನ್ನೊಂದು 580 ಬಂತು. ಅದು ನಿಜಕ್ಕೂ 570ರ ಒಡಹುಟ್ಟು. ಚೀನಾದ ಪೇಟೆಗೆಂದು ಬಂದದ್ದು ಚೀನಾದಲ್ಲೇ ಉಳಿಯುತ್ತದೆಯೆ? ಮೈಸೂರ್ ಸಿಲ್ಕ್ ಎಂದು ಬೋರ್ಡು ಹಾಕಿದ ಅಂಗಡಿಯಲ್ಲೆಲ್ಲ ಸಿಗುವುದು ಮೈಸೂರಿನದೇ ರೇಷ್ಮೆಯಲ್ಲ ಎಂದು ಬಲ್ಲ ನಾವು ಸೆರಗು ತಿರುಗಿಸಿ ನೋಡುತ್ತೇವೆ, ಜರಿ ಉಜ್ಜಿ ನೋಡುತ್ತೇವೆ. ಈ ಬರಹಗಾರರಲ್ಲಿ ಹೆಚ್ಚಿನವರು ಸೆರಗು ತಿರುಗಿಸುವುದಿಲ್ಲ. "ಜಿಟಿ 730: ಇಷ್ಟು ಫ್ರೇಮ್" ಎಂದು ಬರೆದು ಮುಂದಿನ ಸಾಲಿಗೆ ಹೋಗುತ್ತಾರೆ. ಯಾವ 730 ಸ್ವಾಮಿ?

ಎರಡನೆಯದು ಸರಾಸರಿಯ ವಿಷಯ. ಜಿಲ್ಲೆಯಲ್ಲಿ ಸರಾಸರಿ ಮಳೆ ಚೆನ್ನಾಗಿ ಆಯಿತೆಂದು ಓದಿ ಪಾವಗಡದ ರೈತ ಬಿತ್ತನೆಗೆ ಇಳಿಯುವುದಿಲ್ಲ. ಅವನ ಹೊಲದ ಮೇಲೆ ಯಾವಾಗ ಬಿತ್ತು ಎಂಬುದು ಅವನಿಗೆ ಬೇಕು. ಎರಡು ಕಾರ್ಡುಗಳು ಒಂದೇ ಸೆಕೆಂಡಿನಲ್ಲಿ ಅರವತ್ತು ಅರವತ್ತು ಫ್ರೇಮ್ ಬಿಡಿಸಿದವು ಎನ್ನಿ. ಒಂದು, ಪ್ರತಿ ಫ್ರೇಮಿಗೂ ಸಮನಾಗಿ ಹದಿನಾರು ಹದಿನೇಳು ಮಿಲಿಸೆಕೆಂಡ್ ತೆಗೆದುಕೊಂಡಿತು. ಇನ್ನೊಂದು, ಐವತ್ತೊಂಬತ್ತು ಫ್ರೇಮುಗಳನ್ನು ದಡದಡನೆ ಮುಗಿಸಿ ಕೊನೆಯ ಒಂದಕ್ಕೆ ಇನ್ನೂರು ಮಿಲಿಸೆಕೆಂಡ್ ಗಕ್ಕನೆ ನಿಂತಿತು. ಲೆಕ್ಕದಲ್ಲಿ ಎರಡೂ ಅರವತ್ತೇ. ಆದರೆ ಆಡುವವಳ ಎದುರಾಳಿ ಬಾಗಿಲು ದಾಟಿ ಬಂದದ್ದು ಆ ಇನ್ನೂರರಲ್ಲಿ! ಈ ಮೋಸವನ್ನು ಎಲ್ಲರಿಗೂ ತಿಳಿಯುವಂತೆ ಎತ್ತಿ ತೋರಿಸಿದವರು ಸ್ಕಾಟ್ ವಾಸನ್ ಎಂಬ ಅಮೆರಿಕದ ವಿಮರ್ಶಕರು, 2011ರಲ್ಲಿ. ಸೆಕೆಂಡಿನ ಒಳಹೊಕ್ಕು ಒಂದೊಂದು ಫ್ರೇಮಿನ ಕಾಲವನ್ನೂ ನಕ್ಷೆ ಬರೆದು ತೋರಿಸಬೇಕೆಂದರು. ಅದಾದ ಮೇಲೆ ಒಳ್ಳೆಯ ವರದಿಗಳಲ್ಲಿ ಸರಾಸರಿಯ ಪಕ್ಕದಲ್ಲಿ ಇನ್ನೊಂದು ಅಂಕಿಯೂ ಬರತೊಡಗಿತು: ತೀರ ನಿಧಾನವಾದ ಶೇಕಡ ಒಂದು ಫ್ರೇಮುಗಳ ಮಟ್ಟ. ನಾನು ಈಗ ಯಾವ ಹೋಲಿಕೆ ಓದಿದರೂ ಮೊದಲು ಆ ಅಂಕಿ ಇದೆಯೇ ಎಂದು ಹುಡುಕುತ್ತೇನೆ. ಇಲ್ಲದಿದ್ದರೆ ಆ ಬರಹವನ್ನು ಅಲ್ಲಿಗೇ ಬಿಡುತ್ತೇನೆ. ಓದುವುದಕ್ಕೆ ಬೇರೆ ಬೇಕಾದಷ್ಟಿದೆ.

ಇನ್ನು ಪರೀಕ್ಷೆಯಲ್ಲೇ ನಕಲು ಹೊಡೆದ ಕಥೆಗಳೂ ಉಂಟು, ಮೇಷ್ಟರ ಜಾತಿಯವಳಾದ ನನಗೆ ಅವು ತುಂಬ ರುಚಿಸಿದವು. 2001ರಲ್ಲಿ ಎಟಿಐ ರೇಡಿಯಾನ್ 8500 ಎಂಬ ಕಾರ್ಡು 'ಕ್ವೇಕ್ 3' ಆಟದಲ್ಲಿ ಚೆನ್ನಾಗಿ ಓಡುತ್ತಿತ್ತು. ಎಲ್ಲರೂ ಅಳೆಯುತ್ತಿದ್ದದ್ದು ಆ ಆಟದಲ್ಲೇ. ಯಾರೋ ಅನುಮಾನಪಟ್ಟು, ಆಟದ ಫೈಲಿನ ಹೆಸರಿನಲ್ಲಿ 'ಕ್ವೇಕ್' ಇದ್ದದ್ದನ್ನು 'ಕ್ವ್ಯಾಕ್' ಎಂದು ತಿದ್ದಿ ಓಡಿಸಿದರು. ಕ್ವ್ಯಾಕ್ ಎಂದರೆ ಬಾತುಕೋಳಿಯ ಕೂಗು! ಕಾರ್ಡಿನ ವೇಗ ಇಳಿದುಹೋಯಿತು. ಚಿತ್ರ ಮಾತ್ರ ಮೊದಲಿಗಿಂತ ಚೊಕ್ಕವಾಯಿತು. ಆ ಹೆಸರು ಕಂಡೊಡನೆ ಚಿತ್ರದ ಗುಣಮಟ್ಟ ಇಳಿಸಿ ವೇಗ ಏರಿಸಿಕೊಳ್ಳುವಂತೆ ಕಾರ್ಡಿನ ಡ್ರೈವರಿನಲ್ಲಿ, ಅಂದರೆ ಅದನ್ನು ನಡೆಸುವ ತಂತ್ರಾಂಶದಲ್ಲಿ, ಬರೆದಿಟ್ಟಿದ್ದರು. 2003ರಲ್ಲಿ ಎನ್‌ವಿಡಿಯಾದ ಸರದಿ. '3ಡಿಮಾರ್ಕ್ 03' ಎಂಬ ಪರೀಕ್ಷೆಯಲ್ಲಿ ಕ್ಯಾಮೆರಾ ಯಾವ ದಾರಿಯಲ್ಲಿ ಸಾಗುತ್ತದೆಂದು ಮೊದಲೇ ಗೊತ್ತಿದ್ದದ್ದರಿಂದ, ಕಣ್ಣಿಗೆ ಬೀಳದ ಭಾಗವನ್ನು ಬಿಡಿಸದೆಯೇ ಹಾರಿಸಿಬಿಡುತ್ತಿತ್ತು ಅದರ ಡ್ರೈವರು. ಪರೀಕ್ಷೆ ತಯಾರಿಸಿದ ಫ್ಯೂಚರ್‌ಮಾರ್ಕ್ ಸಂಸ್ಥೆಯವರೇ ಅದನ್ನು ಬಯಲಿಗೆಳೆದರು. ನಮ್ಮಲ್ಲಿ 2016ರಲ್ಲಿ ದ್ವಿತೀಯ ಪಿಯುಸಿ ರಸಾಯನಶಾಸ್ತ್ರದ ಪ್ರಶ್ನೆಪತ್ರಿಕೆ ಎರಡು ಸಲ ಬಯಲಾಗಿ ಮಕ್ಕಳು ಅತ್ತದ್ದು ನಿಮಗೆ ನೆನಪಿರಬಹುದು. ಅಲ್ಲಿ ಮಕ್ಕಳಿಗೆ ಮರುಪರೀಕ್ಷೆಯಾದರೂ ಆಯಿತು. ಇಲ್ಲಿ ಹಳೆಯ ಅಂಕಪಟ್ಟಿ ನಂಬಿ ದುಡ್ಡು ಕೊಟ್ಟವರಿಗೆ ಏನೂ ಇಲ್ಲ. ಎಲ್ಲೋ ಒಮ್ಮೊಮ್ಮೆ ನ್ಯಾಯ ಸಿಕ್ಕಿದ್ದುಂಟು: 2014ರ ಜಿಟಿಎಕ್ಸ್ 970 ಕಾರ್ಡಿನ 4 ಜಿಬಿ ಮೆಮೊರಿಯಲ್ಲಿ ಕೊನೆಯ ಅರ್ಧ ಜಿಬಿ ಬಲು ನಿಧಾನವೆಂದು ಗೊತ್ತಾಗಿ, ಮೊಕದ್ದಮೆಯಾಗಿ, 2016ರಲ್ಲಿ ಅಮೆರಿಕದ ಗಿರಾಕಿಗಳಿಗೆ ಕಾರ್ಡೊಂದಕ್ಕೆ ಮೂವತ್ತು ಡಾಲರು ಕೊಡಲು ಎನ್‌ವಿಡಿಯಾ ಒಪ್ಪಿತು.

ಇವೆಲ್ಲ ಹೋಗಲಿ. ನನ್ನ ದೊಡ್ಡ ತಕರಾರು ಬೇರೆಯೇ ಇದೆ. ಈ ಹೋಲಿಕೆಗಳು ನಡೆಯುವುದು ಯಾರ ಮನೆಯಲ್ಲಿ?

ಹಳೆಯ ಕಾರ್ಡು ಎಷ್ಟೇ ಹಳೆಯದಾಗಿರಲಿ, ಅದನ್ನು ಅಳೆಯುವ ಕಂಪ್ಯೂಟರು ಮಾತ್ರ ಅತ್ಯಂತ ಹೊಸತು, ಬಲಶಾಲಿ. ಅದಕ್ಕೆ ಅವರು ಕೊಡುವ ಕಾರಣ ಸರಿಯಾದದ್ದೇ: ಭಟ್ಟರು ನಿಧಾನವಾದರೆ ಬಡಿಸುವವರ ಚುರುಕು ಗೊತ್ತಾಗುವುದಿಲ್ಲ, ಆದ್ದರಿಂದ ಅತಿ ಚುರುಕಿನ ಭಟ್ಟರನ್ನು ನಿಲ್ಲಿಸಬೇಕು. ಕಾರ್ಡನ್ನು ಮಾತ್ರ ಅಳೆಯಬೇಕಾದರೆ ಅದೇ ಕ್ರಮ. ಆದರೆ ಆರು ಸಾವಿರ ಹಿಡಿದುಕೊಂಡು ಹಳೆಯ ಕಾರ್ಡು ಹುಡುಕುವವರ ಮನೆಯಲ್ಲಿ ಅಂಥ ಕಂಪ್ಯೂಟರು ಇರುತ್ತದೆಯೆ? ನಮ್ಮಲ್ಲಿರುವುದು ಯಾವುದೋ ಕಂಪನಿ ಬಳಸಿ ಬಿಟ್ಟದ್ದನ್ನು ತಂದು ಒರೆಸಿ ಮಾರಿದ ಆಫೀಸಿನ ಕಂಪ್ಯೂಟರು. ನಾಲ್ಕನೇ ಪೀಳಿಗೆಯ ಐ5 ಪ್ರೊಸೆಸರ್, 2013ರ ಕಾಲದ್ದು. ಇಂಥವು ಈಗ ಎಷ್ಟೋ ಮನೆಗಳಲ್ಲಿವೆ, ಕರೋನಾ ಕಾಲದ ಆನ್‌ಲೈನ್ ಪಾಠಕ್ಕೆಂದು ತಂದವು. ಅದರ ಹೊಟ್ಟೆಯೊಳಗೆ ಕರೆಂಟು ಹಂಚುವ ಎಸ್‌ಎಂಪಿಎಸ್ ಪೆಟ್ಟಿಗೆಯ ಮೇಲೆ ಅಂಟಿಸಿದ ಚೀಟಿಯಲ್ಲಿ 290 ವ್ಯಾಟ್ ಎಂದಿದೆ.

ಈ ಚೀಟಿಯನ್ನು ಇಟ್ಟುಕೊಂಡು ನೋಡಿದರೆ ಇಡೀ ಕೋಷ್ಟಕ ಬೇರೆಯಾಗಿ ಕಾಣುತ್ತದೆ. ಮಗಳ ಪಟ್ಟಿಯಲ್ಲಿ ಕೊನೆಗೆ ಉಳಿದದ್ದು ಎರಡು. ಒಂದು 2017ರ ಆರ್‌ಎಕ್ಸ್ 580, ಇನ್ನೊಂದು 2014ರ ಜಿಟಿಎಕ್ಸ್ 750 ಟಿಐ. ಕೋಷ್ಟಕಗಳ ಪ್ರಕಾರ 580ರ ವೇಗ 750ರ ಎರಡು ಪಟ್ಟಿಗೂ ಮಿಗಿಲು. ಇಬ್ಬರನ್ನು ಒಂದೇ ಕಣದಲ್ಲಿ ನಿಲ್ಲಿಸುವುದೇ ತಪ್ಪು. ಆರು ಸಾವಿರದ ಆಸುಪಾಸಿನಲ್ಲಿ ಬಳಸಿದ 580 ಸಿಗುತ್ತದೆ ಎಂದ ಮೇಲೆ ಬೇರೆ ಮಾತೇಕೆ ಎಂದು ಬೆಂಗಳೂರಿನಲ್ಲಿರುವ ನಮ್ಮಣ್ಣನ ಮಗ ಫೋನಿನಲ್ಲೇ ತೀರ್ಪು ಕೊಟ್ಟ. ಆದರೆ 580 ತನಗೊಬ್ಬನಿಗೇ 185 ವ್ಯಾಟ್ ಬೇಡುವ ಆಸಾಮಿ. ನಮ್ಮ ಪ್ರೊಸೆಸರಿಗೆ 84. ಕೂಡಿಸಿದರೆ 269. ಹಾರ್ಡ್‌ಡಿಸ್ಕು, ಫ್ಯಾನು, ಮದರ್‌ಬೋರ್ಡುಗಳಿಗೆಲ್ಲ ಸೇರಿ ಉಳಿಯುವುದು 21. ಎಎಂಡಿಯವರು ಆ ಕಾರ್ಡಿಗೆ 500 ವ್ಯಾಟಿನ ಎಸ್‌ಎಂಪಿಎಸ್ ಇರಬೇಕೆನ್ನುತ್ತಾರೆ. ಸಾಲದ್ದಕ್ಕೆ ಅದಕ್ಕೆ ಕರೆಂಟಿನ ಪ್ರತ್ಯೇಕ ಎಂಟು ಪಿನ್ನಿನ ವೈರು ಬೇಕು. ಆಫೀಸಿನ ಈ ಪೆಟ್ಟಿಗೆಯಲ್ಲಿ ಆ ವೈರೇ ಇಲ್ಲ. ಹೊಸ ಎಸ್‌ಎಂಪಿಎಸ್ ಹಾಕೋಣವೆಂದರೆ ಇಂಥ ಆಫೀಸ್ ಕಂಪ್ಯೂಟರುಗಳ ಮದರ್‌ಬೋರ್ಡಿನ ಪಿನ್ನುಗಳೇ ಎಷ್ಟೋ ಸಲ ಬೇರೆ ನಮೂನೆಯವು. ಅಂದರೆ ಕಾರ್ಡಿನ ಬೆಲೆಗೆ ಇನ್ನೊಂದು ಬೆಲೆ ಸೇರುತ್ತದೆ. ಕೋಷ್ಟಕದಲ್ಲಿ ಅದಕ್ಕೆ ಕಾಲಂ ಇಲ್ಲ.

750 ಟಿಐ ಬೇಡುವುದು 60 ವ್ಯಾಟ್. ಕಾರ್ಡು ಕೂರುವ ಸ್ಲಾಟೇ 75 ವ್ಯಾಟಿನವರೆಗೆ ಕೊಡಬಲ್ಲದು, ಬೇರೆ ವೈರು ಬೇಡ. ಕಂಪನಿಯವರು 300 ವ್ಯಾಟಿನ ಎಸ್‌ಎಂಪಿಎಸ್ ಎಂದಿದ್ದಾರೆ, ನಮ್ಮದು ಹತ್ತು ಕಡಿಮೆ; ಆದರೆ 84ಕ್ಕೆ 60 ಕೂಡಿಸಿದರೆ 144, ಅರ್ಧಕ್ಕೇ ನಿಂತಿತಲ್ಲ! ಎಂಟು ಜನರ ಮನೆಗೆ ಹೊಂದುವ ಸೊಸೆಯನ್ನು ಹುಡುಕುವಾಗ ರಾಜ್ಯಕ್ಕೇ ಮೊದಲ ರ‍್ಯಾಂಕ್ ಬಂದವಳೇ ಬೇಕೆನ್ನುವವರನ್ನು ನಾವು ನೋಡಿ ನಗುತ್ತೇವೆ. ಈ ಬರಹಗಾರರ ಪಟ್ಟಾಭಿಷೇಕವೆಲ್ಲ ರ‍್ಯಾಂಕಿನ ಮೇಲೆಯೇ.

ಕರೆಂಟಿನ ಬಿಲ್ಲಿನ ವಿಷಯ ಎತ್ತದೆ ಗೃಹಿಣಿಯೊಬ್ಬಳ ವಿಮರ್ಶೆ ಮುಗಿಯುವುದುಂಟೆ? 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಯಲ್ಲಿ ನಮ್ಮ ಮನೆಯ ಸರಾಸರಿ 95 ಯೂನಿಟ್. ಅದರ ಮೇಲೆ ಶೇಕಡ ಹತ್ತು ಸೇರಿಸಿ 104.5 ಯೂನಿಟ್ಟಿನವರೆಗೆ ಬಿಲ್ಲಿಲ್ಲ. ದಾಟಿದ್ದಕ್ಕೆ ದುಡ್ಡು. ಈಗ ನೋಡಿ, ದಿನಕ್ಕೆ ಮೂರು ಗಂಟೆ ಪೂರ್ತಿ ಬಲದಲ್ಲಿ ಆಡಿದರೆ ತಿಂಗಳಿಗೆ 580 ತಿನ್ನುವುದು 16.65 ಯೂನಿಟ್, 750 ಟಿಐ ತಿನ್ನುವುದು 5.4. ಎರಡನೆಯದಾದರೆ ನಾವು ನೂರರ ಸುಮಾರಿನಲ್ಲಿ ಒಳಗೇ ಇರುತ್ತೇವೆ. ಮೊದಲನೆಯದಾದರೆ ಗೆರೆ ದಾಟುತ್ತೇವೆ. ದಾಟಿದರೆ ಬೀಳುವ ದುಡ್ಡು ದೊಡ್ಡದಲ್ಲ, ಒಪ್ಪುತ್ತೇನೆ. ಆದರೆ ಪ್ರತಿ ತಿಂಗಳೂ ಬೆಸ್ಕಾಂ ಚೀಟಿ ಬಂದಾಗ ಅತ್ತೆಯವರ ಕನ್ನಡಕದ ಮುಂದೆ ಅದು ಸೊನ್ನೆಯಾಗಿರುವುದಕ್ಕೂ ಇಲ್ಲದಿರುವುದಕ್ಕೂ ಇರುವ ವ್ಯತ್ಯಾಸ ಯಾವ ಫ್ರೇಮಿನ ಲೆಕ್ಕಕ್ಕೂ ಸಿಗುವಂಥದಲ್ಲ.

ಪರದೆಯ ಮಾತೂ ಹಾಗೆಯೇ. ಮಾನಿಟರಿನ ಹಿಂದೆ 60 ಹರ್ಟ್ಜ್ ಎಂದಿದ್ದರೆ ಅದು ಸೆಕೆಂಡಿಗೆ ಅರವತ್ತು ಚಿತ್ರಕ್ಕಿಂತ ಹೆಚ್ಚು ತೋರಿಸುವುದೇ ಇಲ್ಲ. ಒಂದು ಕಾರ್ಡು 90, ಇನ್ನೊಂದು 140 ಬಿಡಿಸಿತೆಂದು ಮೀಸೆ ತಿರುವಿದರೆ ಆ ಪರದೆಯ ಮುಂದೆ ಕೂತವಳಿಗೆ ಕಾಣುವುದು ಅರವತ್ತೇ. ಕೈಯ ಚುರುಕಿಗೆ ಅಷ್ಟಿಷ್ಟು ಲಾಭವಿದೆ ಎನ್ನುತ್ತಾರೆ ಬಲ್ಲವರು, ಇರಲಿ. ಯಾವ ಆಟಗಳನ್ನು ಇಟ್ಟುಕೊಂಡು ಅಳೆಯುತ್ತಾರೆಂಬುದೂ ನೋಡಬೇಕು. 2020ರ ಕೊನೆಯಲ್ಲಿ ಬಂದ 'ಸೈಬರ್‌ಪಂಕ್ 2077'ರಂಥ ಭಾರಿ ಆಟವನ್ನು ಹಳೆಯ ಕಾರ್ಡಿನ ಮೇಲೆ ಹೇರಿ, ಅದು ಏದುಸಿರು ಬಿಡುವುದನ್ನು ತೋರಿಸುವುದು ಇವರಿಗೊಂದು ಖುಷಿ. ನನ್ನ ಮಗಳು ಆಡುವುದು 'ವ್ಯಾಲೊರಂಟ್'. 2020ರಲ್ಲಿ ಅದು ಬಿಡುಗಡೆಯಾದಾಗ ತಯಾರಕರೇ ಕೊಟ್ಟ ಪಟ್ಟಿಯಲ್ಲಿ ಸೆಕೆಂಡಿಗೆ ಅರವತ್ತು ಫ್ರೇಮಿಗೆ ಸಾಕೆಂದು ಹೆಸರಿಸಿದ್ದು ಆ ಬಡಪಾಯಿ ಜಿಟಿ 730ಯನ್ನು; 144ಕ್ಕೆ ಜಿಟಿಎಕ್ಸ್ 1050 ಟಿಐ. (ಯಾವ 730 ಎಂದು ಅವರೂ ಹೇಳಿಲ್ಲ ನೋಡಿ!) ಅದು ಬಿಟ್ಟರೆ ಅವಳೂ ಅವಳ ಗೆಳತಿಯರೂ ಆಡುವುದು 2006ರ 'ಕ್ರಿಕೆಟ್ 07', ಅದಕ್ಕೆ ಈ ಚರ್ಚೆಯ ಯಾವ ಕಾರ್ಡಾದರೂ ಹೆಚ್ಚೇ.

ಇಷ್ಟು ಓದಿ ಲೆಕ್ಕ ಹಾಕಿದ ಮೇಲೆ ಒಂದು ಶನಿವಾರ ತಾಯಿ ಮಗಳಿಬ್ಬರೂ ಬೆಳಗಿನ ರೈಲು ಹಿಡಿದು ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದೆವು. ಟೌನ್‌ಹಾಲಿನ ಹತ್ತಿರದ ಆ ಬೀದಿ ಕಂಪ್ಯೂಟರು ಬಿಡಿಭಾಗಗಳ ಸಂತೆ. ತಲೆಯ ಮೇಲೆ ವೈರುಗಳ ಬಲೆ, ಕಾಲಡಿಯಲ್ಲಿ ಥರ್ಮೋಕೋಲು. ಒಂದು ಅಂಗಡಿಯವನು ನಮ್ಮಿಬ್ಬರನ್ನೂ ನೋಡಿ, "ತಮ್ಮನಿಗಾ ಮೇಡಂ?" ಎಂದ. "ನನಗೇ" ಎಂದಳು ಮಗಳು. ಅವನು ಅವಳನ್ನು ಬಿಟ್ಟು ನನ್ನ ಕಡೆ ತಿರುಗಿ, "ಎಂಟು ಜಿಬಿ ಇದೆ ಮೇಡಂ, 580, ಕಣ್ಮುಚ್ಚಿಕೊಂಡು ತಗೊಳ್ಳಿ" ಎಂದು ಒಂದನ್ನು ತೆಗೆದು ಮುಂದಿಟ್ಟ. ನಾನು ಓದಿದ ಹೋಲಿಕೆಗಳ ದನಿಯೂ ಹೀಗೆಯೇ ಎಂದು ಆಗ ಹೊಳೆಯಿತು. ಅವೆಲ್ಲ ಒಬ್ಬ ಗಂಡುಹುಡುಗ ಇನ್ನೊಬ್ಬ ಗಂಡುಹುಡುಗನಿಗೆ ಹೇಳಿದ ಮಾತುಗಳು. ಅದರಲ್ಲಿ ಓದುಗಳೆಂಬುವಳು ಇಲ್ಲ, ಇದ್ದರೆ ಅವಳು ದುಡ್ಡು ಕೊಡುವ ತಾಯಿ, ಇಲ್ಲವೆ ಬೇಡವೆನ್ನುವ ಹೆಂಡತಿ.

ಮಗಳು ಆ ಕಾರ್ಡನ್ನು ತಿರುಗಿಸಿ ನೋಡಿ, "ಇದು ಮೈನಿಂಗ್ ಮಾಡಿದ್ದಾ ಅಣ್ಣ?" ಎಂದಳು. ಮೈನಿಂಗ್ ಎಂದರೆ ಗಣಿಗಾರಿಕೆ. ಇಲ್ಲಿ ಅದು ಎಥೀರಿಯಂ ಎಂಬ ಡಿಜಿಟಲ್ ನಾಣ್ಯದ ಗಣಿ. ಈ ಕಾರ್ಡುಗಳನ್ನು ಸಾಲಾಗಿ ಕೂರಿಸಿ ಹಗಲೂ ರಾತ್ರಿ ಲೆಕ್ಕ ಮಾಡಿಸಿ ನಾಣ್ಯ ಗಳಿಸುತ್ತಿದ್ದರು. 2022ರ ಸೆಪ್ಟೆಂಬರ್ 15ರಂದು ಎಥೀರಿಯಂ ತನ್ನ ಪದ್ಧತಿ ಬದಲಿಸಿದಾಗ ಆ ದುಡಿಮೆ ಒಂದೇ ದಿನದಲ್ಲಿ ನಿಂತುಹೋಯಿತು. ಕೆಲಸ ಕಳೆದುಕೊಂಡ ಕಾರ್ಡುಗಳು ಪೇಟೆಗೆ ಬಂದು ಬಿದ್ದವು. 580ರ ಬೆಲೆ ಇಳಿದದ್ದರ ಹಿಂದೆ ಆ ಕಥೆಯೂ ಇದೆ. ಅಂಥ ಕಾರ್ಡಿನ ಚಿಪ್ಪು ಕೆಡುವುದು ಕಡಿಮೆ. ಸವೆಯುವುದು ಫ್ಯಾನು, ಒಣಗುವುದು ಚಿಪ್ಪಿನ ಮೇಲೆ ಬಳಿದ ಪೇಸ್ಟು. ಕಡಿಮೆ ಬೆಲೆಗೆ ಸಿಕ್ಕಿ, ಅವೆರಡನ್ನೂ ಬದಲಿಸಿಕೊಳ್ಳಬಲ್ಲವರಿಗೆ ಒಳ್ಳೆಯ ವ್ಯಾಪಾರವೇ. ಅಂಗಡಿಯವನು ಉತ್ತರ ಕೊಡದೆ ಪಕ್ಕದ ಗಿರಾಕಿಯ ಕಡೆ ತಿರುಗಿದ.

ಇನ್ನೂ ನಾಲ್ಕು ಅಂಗಡಿ ದಾಟಿ ಒಂದು ಕಡೆ 750 ಟಿಐ ಸಿಕ್ಕಿತು. ಹೆಸರು ನಂಬಿ ಕೊಳ್ಳುವ ಕಾಲವಲ್ಲ ಎಂದು ಮೇಲೆಯೇ ಹೇಳಿದೆನಲ್ಲ. ಹಳೆಯ ದುರ್ಬಲ ಕಾರ್ಡಿನೊಳಗಿನ ಬರಹವನ್ನೇ ತಿದ್ದಿ 1050 ಟಿಐ ಎಂದು ಹೇಳಿಕೊಳ್ಳುವಂತೆ ಮಾಡಿ ಮಾರುವವರೂ ಇದ್ದಾರೆ. ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶವೊಂದಿದೆ, ಕಾರ್ಡಿನ ಕುಲಗೋತ್ರವನ್ನೆಲ್ಲ ಬಿಚ್ಚಿಡುವಂಥದು. 2018ರಿಂದ ಈಚೆಗೆ ಅದು ನಕಲಿ ಕಾರ್ಡನ್ನು ಗುರುತಿಸಿ ನಕಲಿ ಎಂದೇ ಬರೆದು ತೋರಿಸುತ್ತದೆ. ಮಗಳು ಅದನ್ನು ಪೆನ್‌ಡ್ರೈವಿನಲ್ಲಿ ಕೊಂಡೊಯ್ದಿದ್ದಳು. ಅಂಗಡಿಯಾತ ಸಂಕೋಚವಿಲ್ಲದೆ ಹಾಕಿ ತೋರಿಸಿದರು. 640 ಕೋರ್, ಜಿಡಿಡಿಆರ್5, 2 ಜಿಬಿ, ಎಲ್ಲ ತಾಳೆಯಾಯಿತು. ಮೂರು ಸಾವಿರ ಹೇಳಿದ್ದನ್ನು ನಾನು ಎರಡು ಸಾವಿರದ ಏಳುನೂರಕ್ಕೆ ಇಳಿಸಿದೆ. ಆ ವಿದ್ಯೆಯಲ್ಲಿ ಮಗಳಿಗೆ ಇನ್ನೂ ಪಾಠವಾಗಬೇಕು.

ಈ ಕಾರ್ಡಿಗೆ ಕುಂದಿಲ್ಲವೆಂದಲ್ಲ. 2 ಜಿಬಿ ಮೆಮೊರಿ ಇವತ್ತಿನ ದೊಡ್ಡ ಆಟಗಳಿಗೆ ಏನೇನೂ ಸಾಲದು. ಆಯಸ್ಸಿನ ಪ್ರಶ್ನೆಯೂ ಇದೆ. ಎನ್‌ವಿಡಿಯಾ 2025ರಲ್ಲಿ ಪ್ರಕಟಿಸಿದಂತೆ ಈ ಪೀಳಿಗೆಯ ಕಾರ್ಡುಗಳಿಗೆ ಹೊಸ ಆಟಗಳಿಗೆ ಹೊಂದಿಸಿದ ಡ್ರೈವರು ಆ ವರ್ಷದ ಅಕ್ಟೋಬರಿಗೇ ಕೊನೆ. ಆಮೇಲೆ 2028ರ ಅಕ್ಟೋಬರಿನವರೆಗೆ ಸುರಕ್ಷತೆಯ ತಿದ್ದುಪಡಿಗಳು ಮಾತ್ರ. 384 ಕೋರಿನ 730ಗಳ ಪೀಳಿಗೆಗೆ ಅದೂ 2024ರಲ್ಲೇ ಮುಗಿಯಿತು. ಹಳೆಯ ಕಾರ್ಡುಗಳನ್ನು ಹೋಲಿಸಿ ಬರೆಯುವವರು ಇದನ್ನಂತೂ ಮೊದಲ ಸಾಲಿನಲ್ಲೇ ಹೇಳಬೇಕಿತ್ತು. ಹೇಳಿದವರು ವಿರಳ.

ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಹಳೆಯ ಪ್ರೊಸೆಸರಿನ ಜೊತೆಗೇ ಹಳೆಯ ಕಾರ್ಡು ಕೂರಿಸಿ ಅಳೆಯುವ, ಗೋಡೆಯ ಪ್ಲಗ್ಗಿನಲ್ಲಿ ಮೀಟರಿಟ್ಟು ವ್ಯಾಟ್ ಎಣಿಸುವ ಕೆಲವರಿದ್ದಾರೆ. ಅವರ ಬರಹ ಓದಿದರೆ ಮನೆಯ ಹಿರಿಯರ ಮಾತು ಕೇಳಿದಂತಿರುತ್ತದೆ. ಕಾರ್ಡನ್ನು ಒಮ್ಮೆಯೂ ಕೈಯಲ್ಲಿ ಹಿಡಿದು ತೋರಿಸದೆ ಪರದೆಯ ಮೇಲೆ ಅಂಕಿಗಳನ್ನು ಮಾತ್ರ ಕುಣಿಸುವ ವಿಡಿಯೋಗಳನ್ನು ನಾನು ನಂಬುವುದಿಲ್ಲ. ಕನ್ನಡದಲ್ಲಿ ನನಗೆ ಸಿಕ್ಕದ್ದು ಬಹಳ ಕಡಿಮೆ. 'ಪ್ರಜಾವಾಣಿ'ಯಲ್ಲಿ ಯು. ಬಿ. ಪವನಜರು ಬರೆಯುತ್ತಿದ್ದ 'ಗ್ಯಾಜೆಟ್ ಲೋಕ' ಅಂಕಣದಲ್ಲಿ ಫೋನುಗಳ ಬಗ್ಗೆ ಓದಿ, ಕೊಡುವ ದುಡ್ಡಿಗೆ ವಸ್ತು ತಕ್ಕುದೇ ಎಂಬುದನ್ನು ನಮ್ಮ ಭಾಷೆಯಲ್ಲೇ ಕೇಳಬಹುದೆಂದು ತಿಳಿದವಳು ನಾನು. ಈ ಕಾರ್ಡುಗಳಿಗೂ ಅಂಥವರೊಬ್ಬರು ಬೇಕು.

ಕಾರ್ಡು ಬಂದು ಈಗ ನಾಲ್ಕು ತಿಂಗಳು. ಮಗಳು ಒಂದು ನೋಟ್‌ಬುಕ್ಕಿನಲ್ಲಿ ತನ್ನದೇ ಕೋಷ್ಟಕ ಬರೆದಿಟ್ಟಿದ್ದಾಳೆ: ಆಟ, ಸರಾಸರಿ ಫ್ರೇಮು, ತೀರ ನಿಧಾನವಾದಾಗ ಎಷ್ಟು, ಮಧ್ಯಾಹ್ನ ಶೀಟಿನ ಕೋಣೆಯಲ್ಲಿ ಕಾರ್ಡಿನ ಬಿಸಿ ಎಷ್ಟು, ರಾತ್ರಿ ಎಷ್ಟು, ಆ ತಿಂಗಳ ಯೂನಿಟ್ ಎಷ್ಟು. ಆರು ಸಾವಿರದಲ್ಲಿ ಉಳಿದದ್ದಕ್ಕೆ ಒಂದು ಹೆಡ್‌ಫೋನ್ ತಂದಳು, ಇನ್ನೂ ಸ್ವಲ್ಪ ಅಂಚೆ ಕಚೇರಿಯ ಖಾತೆಯಲ್ಲಿದೆ. ಮೊನ್ನೆ ಎದುರು ಮನೆಯ ಹುಡುಗ ಬಂದು, "ಅಕ್ಕಾ, ನಾನು ಯಾವ ಕಾರ್ಡ್ ತಗೊಳ್ಳಲಿ?" ಎಂದು ಕೇಳಿದ. ಅವಳು ಆಟದಿಂದ ತಲೆ ಎತ್ತದೆಯೇ, "ಮೊದಲು ಮನೆಗೆ ಹೋಗಿ ನಿಮ್ಮ ಎಸ್‌ಎಂಪಿಎಸ್ ಮೇಲಿನ ಚೀಟಿಯಲ್ಲಿ ಎಷ್ಟು ವ್ಯಾಟ್ ಅಂತ ಬರೆದಿದೆ ನೋಡ್ಕೊಂಡು ಬಾರೋ" ಎಂದಳು. ಅವನು ಓಡಿದ.